ಇನ್ನೂರು ಮೀಟರಿನೊಳಗೆ

ಅರ್ಜಿಯ ಮೂರನೆಯ ಪುಟದವರೆಗೂ ಲಾಂಡ್ರಿಯಾಕೆ ಒಂದೇ ಒಂದು ಸುಳ್ಳನ್ನೂ ಬರೆದಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಿದ್ದ ಲಾಂಡ್ರಿ ಅದು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೊಡ್ಡ ಮೆಷಿನ್ನುಗಳು, ಗೋಡೆಗೆ ಒತ್ತಿಕೊಂಡು ಇಸ್ತ್ರಿ ಮೇಜುಗಳು. ಗಂಡ ವ್ಯಾನಿನಲ್ಲಿ ಲಾಡ್ಜುಗಳಿಗೆ ಹೋಗಿ ಹಾಸುಹೊದಿಕೆಗಳ ಗಂಟು ತರುತ್ತಿದ್ದ. ಒಗೆಸುವುದು, ಒಣಗಿಸುವುದು, ಕಲೆ ಹೋಗಲಿಲ್ಲವೆಂದು ಜಗಳಕ್ಕೆ ಬಂದವರಿಗೆ ಉತ್ತರ ಕೊಡುವುದು ಎಲ್ಲ ಅವಳ ಪಾಲು. ನಲ್ಲಿ ನೀರು ಸಾಲದೆ ಟ್ಯಾಂಕರ್ ಕಾದು ಕಾದು ಇಬ್ಬರಿಗೂ ಸಾಕಾಗಿ ಹೋಗಿತ್ತು. ಅಷ್ಟರಲ್ಲಿ ಒಂದು ದೊಡ್ಡ ಆಸ್ಪತ್ರೆ ತನ್ನ ಬಟ್ಟೆಯನ್ನೆಲ್ಲ ಇವರಿಗೇ ಕೊಡುತ್ತೇನೆ ಎಂದಿತು. ಷರತ್ತು ಒಂದೇ. ಸ್ವಂತ ಕೊಳವೆಬಾವಿ ಇರಬೇಕು, ಅದರಿಂದ ನೀರೆತ್ತಲು ಸರ್ಕಾರದ ಅನುಮತಿಪತ್ರ ಇರಬೇಕು.

ಈಗೆಲ್ಲ ಆನ್‌ಲೈನ್, ಯಾರ ಮೇಜಿನ ಮುಂದೂ ಕೈಕಟ್ಟಿ ನಿಲ್ಲಬೇಕಿಲ್ಲ ಎಂದು ಕಂಡಕಂಡವರೆಲ್ಲ ಹೇಳಿದ್ದರು. ಅದೇನೋ ನಿಜ. ನಿಲ್ಲುವ ಬದಲು ಕೈಕಟ್ಟಿ ಕೂರಬೇಕಾಯಿತು. ಒಮ್ಮೆ ಓಟಿಪಿ ಬರಲಿಲ್ಲ, ಬಂದಾಗ ಅದರ ಗಡುವು ಮುಗಿದಿತ್ತು. ಜಾಗದ ನಕ್ಷೆಯ ಫೈಲು ತೂಕ ಜಾಸ್ತಿ ಎಂದು ಹಿಂದಕ್ಕೆ ಬಂತು. ಸೊಟ್ಟ ಅಕ್ಷರಗಳನ್ನು ನೋಡಿ ಟೈಪ್ ಮಾಡಿ ನೀವು ಯಂತ್ರವಲ್ಲ ಎಂದು ತೋರಿಸಿ ಎಂಬ ಪೆಟ್ಟಿಗೆ ಮತ್ತೆ ಮತ್ತೆ ಎದುರು ನಿಂತಿತು.

"ನಾನು ಮನುಷ್ಯಳು ಅಂತ ಇದಕ್ಕೆ ಇನ್ನೆಷ್ಟು ಸಲ ಹೇಳ್ಬೇಕು ರೀ?"

"ಅದರ ತಪ್ಪೇನಿದೆ?" ಎಂದ ಗಂಡ, ಗಂಟು ಬಿಚ್ಚುತ್ತಾ. "ಕೆಲವು ಸಲ ನನಗೂ ಅನುಮಾನ ಬರುತ್ತೆ."

ಅವಳು ಅವನತ್ತ ಒಂದು ದಿಂಬಿನ ಚೀಲ ಎಸೆದು ಮುಂದಿನ ಪುಟಕ್ಕೆ ಹೋದಳು.

ನಾಲ್ಕನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು. ಇನ್ನೂರು ಮೀಟರಿನೊಳಗೆ ಬಳಕೆಯಲ್ಲಿರುವ ಬೇರೆ ಬಾವಿ ಇದೆಯೇ? ಹೌದು, ಇಲ್ಲ. ಅವಳು ಹೌದು ಒತ್ತಿದಳು. ಒತ್ತಿದ ಕೂಡಲೇ ಕೆಳಗೆ ಇನ್ನೊಂದು ಉದ್ದನೆಯ ಪುಟ ಬಿಚ್ಚಿಕೊಂಡಿತು. ಆ ಬಾವಿಯ ಆಳ, ಮಾಲೀಕರ ಒಪ್ಪಿಗೆಪತ್ರ, ಪಂಪು ಓಡಿಸಿ ಬಾವಿಯ ನೀರು ಎಷ್ಟು ಇಳಿಯುತ್ತದೆ ಎಂದು ತಜ್ಞರು ಕೊಟ್ಟ ವರದಿ. ಅದೆಲ್ಲ ಆಗುವ ಹೊತ್ತಿಗೆ ಆಸ್ಪತ್ರೆಯ ಬಟ್ಟೆ ಇನ್ಯಾರದೋ ಹಗ್ಗದ ಮೇಲೆ ಒಣಗುತ್ತಿರುತ್ತದೆ. ಪಕ್ಕದ ನಕ್ಷೆಯಲ್ಲಿ ತಮ್ಮ ತಗಡಿನ ಶೆಡ್ಡು ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಯಾಚೆ ಒಂದು ಗುಂಡನೆಯ ಕಪ್ಪು ಚುಕ್ಕೆ. ಕಾಂಪೌಂಡರ್ ಮಾಮನ ಬಾವಿ.

ಮಾಮ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಟ್ಟುಕೊಂಡಿದ್ದು ನಿವೃತ್ತರಾದವರು. ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಮಾಮ. ಹೊಲಿಗೆ ಕೆಲಸದ ತಂಗಿಯೊಂದಿಗೆ ಪಕ್ಕದ ಮನೆಯಲ್ಲಿದ್ದರು. ಇವರು ಲಾಂಡ್ರಿ ಹಾಕಿದ ವರ್ಷ ನಲ್ಲಿ ಸಂಪರ್ಕ ಸಿಗದೆ ಕೈಚೆಲ್ಲಿ ಕೂತಿದ್ದಾಗ, ಗೋಡೆಯ ಮೇಲಿಂದ ಪೈಪು ಇಳಿಬಿಟ್ಟವರು ಅವರೇ. "ಬಟ್ಟೆ ಒಗೆಯೋಳ ಮನೇಲಿ ನೀರಿಲ್ಲ ಅಂದ್ರೆ ಏನಮ್ಮಾ ಚಂದ, ಹಿಡ್ಕೋ" ಎಂದಿದ್ದರು. ಆ ಬೇಸಿಗೆ ಪೂರ್ತಿ ಇವರ ಹೊಟ್ಟೆ ತುಂಬಿದ್ದು ಆ ನೀರಿನಿಂದ.

ಕೇಳಿದರೆ ಮಾಮ ಒಪ್ಪಿಗೆ ಕೊಡುತ್ತಿರಲಿಲ್ಲ ಎಂದಲ್ಲ. ಕೊಡುತ್ತಿದ್ದರು. ಆದರೆ ಬಾವಿ ಬತ್ತಿದರೆ ಏನು ಗತಿ ಎಂದು ಅವರ ತಂಗಿ ಕೇಳಿಯೇ ಕೇಳುತ್ತಾಳೆ, ಅದಕ್ಕೆ ತನ್ನ ಬಳಿ ಉತ್ತರವಿಲ್ಲ. ಅವಳು ನಕ್ಷೆಯನ್ನು ಚುಕ್ಕೆ ಮರೆಯಾಗುವಷ್ಟು ಚಿಕ್ಕದು ಮಾಡಿದಳು. ಇಲ್ಲ ಎಂಬುದನ್ನು ಒತ್ತಿದಳು. ಉದ್ದನೆಯ ಪುಟ ತೆಪ್ಪಗೆ ಮಡಚಿಕೊಂಡಿತು.

"ಮಾಮನ ಬಾವಿ ವಿಷಯ ಹಾಕಿದ್ಯಾ?" ವ್ಯಾನಿನ ಕೀಲಿ ಹುಡುಕುತ್ತಾ ಗಂಡ ಕೇಳಿದ.

"ಹಾಕ್ದೆ ಹಾಕ್ದೆ" ಎಂದಳು. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತ್ತು.

ಕೆಲವು ದಿನಗಳ ಮೇಲೆ, ಸ್ಥಳ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ, ಅನುಕೂಲವಾದ ದಿನ ಆರಿಸಿಕೊಳ್ಳಿ ಎಂದು ಸಂದೇಶ ಬಂತು. ಅವಳು ಗುರುವಾರ ಆರಿಸಿದಳು. ಅವತ್ತು ಮಾಮ ಕಣ್ಣಿನ ಡಾಕ್ಟರ ಹತ್ತಿರ ಹೋಗುವವರಿದ್ದರು. ಪೊರೆ ಬಂದಿದೆ, ತಿಂಗಳಿಂದ ಕಾದು ಸಿಕ್ಕ ದಿನ ಎಂದು ಅವರೇ ಹೇಳಿದ್ದರು. ತಂಗಿಯೂ ಜೊತೆಗೆ ಹೋಗುವವಳು. ಮನೆಗೆ ಬೀಗ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದಳು.

ಗುರುವಾರ ಬೆಳಿಗ್ಗೆ ಶೆಡ್ಡಿನ ನೆಲ ತೊಳೆಸಿ, ಸೀರೆ ಬದಲಾಯಿಸಿ ಗೇಟಿನ ಬಳಿಗೆ ಬಂದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಮ ನಿಂತಿದ್ದರು.

"ಮಾಮಾ, ಡಾಕ್ಟ್ರು..."

"ಮುಂದಿನ ತಿಂಗಳು ಬರ್ತೀನಿ ಅಂದೆ. ಕಣ್ಣು ಎಲ್ಲಿ ಓಡಿಹೋಗುತ್ತೆ? ಆಫೀಸಿನೋರು ಬರ್ತಾರೆ ಅಂತ ನಿನ್ನ ಯಜಮಾನ್ರು ಅಂದ್ರು. ನೀನು ಒಬ್ಬಳೇ ಹೆದರ್ಕೋತೀಯ ಅಂತ ನಾನು ಉಳ್ಕೊಂಡೆ. ದೊಡ್ಡೋರು ಒಬ್ರು ಪಕ್ಕದಲ್ಲಿದ್ರೆ ಅದರ ಲೆಕ್ಕವೇ ಬೇರೆ ಕಣಮ್ಮಾ."

ಹೋಗಿ ಎಂದು ಹೇಳುವುದು ಹೇಗೆ? ಕಾಫಿ ಕೊಡುವ ನೆಪದಲ್ಲಿ ಒಳಗೆ ಕೂರಿಸಿದಳು. ಅವರು ಒಂದೇ ಗುಟುಕಿಗೆ ಮುಗಿಸಿ ಮತ್ತೆ ಗೇಟಿಗೆ ಬಂದರು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಕೈಯಲ್ಲಿ ಟ್ಯಾಬು, ಕಾಲಿಗೆ ಮಣ್ಣು ಮೆತ್ತಿದ ಬೂಟು. ಕೊಳವೆಬಾವಿ ಕೊರೆಸುವ ಜಾಗ ನೋಡಿದಳು, ಮೆಷಿನ್ನುಗಳನ್ನು ನೋಡಿದಳು, ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಬಗ್ಗಿ ನೋಡಿದಳು. ಮಾತು ಕಡಿಮೆ. ಎಲ್ಲ ಸಲೀಸಾಗಿ ಮುಗಿಯುತ್ತಾ ಬಂದಿತ್ತು. ಕೊನೆಗೆ ಅವಳು, "ಈ ಕಡೆ ನೆಲದಲ್ಲಿ ನೀರು ಹೇಗಿದೆಯೋ" ಎಂದು ತನಗೆ ತಾನೇ ಎಂಬಂತೆ ಅಂದಳು.

ಮಾಮ ಕಾದಿದ್ದೇ ಅದಕ್ಕೆ. "ಹೇಗಿದೆ ಅಂತ ಕೇಳ್ಬೇಕಾ ತಾಯಿ? ಬನ್ನಿ ನನ್ನ ಬಾವಿ ತೋರಿಸ್ತೀನಿ. ಎಂಥಾ ಬೇಸಿಗೆಗೂ ಬತ್ತಿಲ್ಲ. ಅದನ್ನ ನೋಡಿದ್ರೆ ನೀವೇ ಇವಳಿಗೆ ಅನುಮತಿ ಬರೆದು ಕೊಡ್ತೀರಿ."

"ಮಾಮಾ, ಅವರಿಗೆ ಹೊತ್ತಾಗುತ್ತೆ" ಎಂದಳು ಲಾಂಡ್ರಿಯಾಕೆ. ಮಾಮ ಆಗಲೇ ಗೋಡೆಯ ನಡುವಿನ ಚಿಕ್ಕ ಬಾಗಿಲು ತೆಗೆದಿದ್ದರು.

ಬಾವಿಯ ಕಟ್ಟೆ ಶೆಡ್ಡಿನಿಂದ ನಾಲ್ಕು ಹೆಜ್ಜೆಯಷ್ಟೂ ದೂರವಿರಲಿಲ್ಲ. ಅಧಿಕಾರಿ ಒಳಗೆ ಇಣುಕಿದಳು. ಆಮೇಲೆ ಟ್ಯಾಬಿನ ಮೇಲೆ ಬೆರಳಾಡಿಸಿದಳು.

"ಅರ್ಜಿಯಲ್ಲಿ ಇನ್ನೂರು ಮೀಟರ್ ಒಳಗೆ ಯಾವ ಬಾವಿಯೂ ಇಲ್ಲ ಅಂತಿದೆಯಲ್ಲ?"

ಅಷ್ಟರಲ್ಲಿ ವ್ಯಾನು ನಿಲ್ಲಿಸಿ ಹಿಂದೆಯೇ ಬಂದಿದ್ದ ಗಂಡ, ಹೆಂಡತಿಯ ಮುಖ ನೋಡಿದ. ಮಾಮ ಒಮ್ಮೆ ಬಾವಿಯನ್ನು, ಒಮ್ಮೆ ಅವಳನ್ನು ನೋಡಿದರು. ಅವರಿಗೆ ಅರ್ಥವಾದ ಗಳಿಗೆ ಅವಳಿಗೆ ಕಂಡಿತು. ರೆಪ್ಪೆ ಎರಡು ಸಲ ಬಡಿಯಿತು, ಅಷ್ಟೇ.

"ಓ, ಅದಾ" ಎಂದರು ಮಾಮ. "ಅವಳು ಬರೆದಿದ್ದು ಸರಿಯಾಗೇ ಇದೆ. ಇದು ಪಾಳು ಬಾವಿ ತಾಯಿ. ಬಳಸೋದೇ ಇಲ್ಲ. ಇವತ್ತೋ ನಾಳೆಯೋ ಮುಚ್ಚಿಸಿಬಿಡ್ತೀನಿ ಅಂತ ನಾನೇ ಇವಳಿಗೆ ಹೇಳಿದ್ದೆ."

ಒಳಗಿಂದ ಕೊಡ ಹಿಡಿದುಕೊಂಡು ಬಂದ ತಂಗಿ ಕೇಳಿಸಿಕೊಂಡಳು. "ಪಾಳು ಬಾವೀನಾ? ಬೆಳಿಗ್ಗೆ ಗಡಗಡ ನಡುಗ್ತಾ ಸ್ನಾನ ಮಾಡಿದ್ಯಲ್ಲ ಅಣ್ಣಾ, ಅದು ಯಾವ ನೀರು? ನಿಂಗೇನು ಅರಳುಮರಳಾ?"

ಅಧಿಕಾರಿ ಮಾಮನತ್ತ ತಿರುಗಿದಳು. ಬೈಯಲಿಲ್ಲ. ಆದರೆ ಇಷ್ಟು ಹೊತ್ತು ಅವರನ್ನು ನೋಡುತ್ತಿದ್ದ ರೀತಿಯಲ್ಲಿ ನೋಡಲಿಲ್ಲ. ಜೀವಮಾನವೆಲ್ಲ ಹನಿ ಎಣಿಸಿ ಔಷಧಿ ಕೊಟ್ಟ ಮನುಷ್ಯ ತಮ್ಮದೇ ಬಾವಿಯ ಕಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಳ್ಳುಗಾರರಾಗಿ ನಿಂತಿದ್ದರು. ಅವರ ಕಿವಿ ಕೆಂಪಗಾಗಿತ್ತು. ಲಾಂಡ್ರಿಯಾಕೆಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ.

"ಅವರು ನನಗೋಸ್ಕರ ಹೇಳ್ತಿದ್ದಾರೆ ಮೇಡಂ" ಎಂದಳು. "ಬಾವಿ ಇದೆ ಅಂತ ನಂಗೊತ್ತಿತ್ತು. ಗೊತ್ತಿದ್ದೇ ಇಲ್ಲ ಅಂತ ಒತ್ತಿದೆ. ಇವರಿಗೆ ಇದ್ಯಾವುದೂ ಗೊತ್ತಿಲ್ಲ. ನನ್ನ ಮನೆಯವರಿಗೂ ಗೊತ್ತಿಲ್ಲ."

ಇನ್ನೂ ಹೇಳಬೇಕೆಂದಿತ್ತು. ಈ ದಿನವನ್ನೇ ಆರಿಸಿದ್ದು ಯಾಕೆ ಎಂಬುದನ್ನು ಹೇಳಲು ನಾಲಿಗೆ ಏಳಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಗಂಡ ಮಾತ್ರ ಮಾಮನ ಕನ್ನಡಕವನ್ನು ನೋಡಿ, ಅವಳನ್ನು ನೋಡಿ, ಇಂದು ಕಣ್ಣಿನ ಡಾಕ್ಟರ ದಿನವೆಂಬುದು ಹೊಳೆದವನಂತೆ ತಲೆ ತಗ್ಗಿಸಿದ.

ಅರ್ಜಿ ಅಂದೇ ತಿರಸ್ಕೃತವಾಯಿತು. ತಪ್ಪು ಮಾಹಿತಿ ಎಂಬ ಷರಾ ದಾಖಲೆಯಲ್ಲಿ ಉಳಿಯುತ್ತದೆ, ಸರಿಯಾದ ವಿವರ ಕೊಟ್ಟು ಮತ್ತೆ ಹಾಕಬಹುದು ಎಂದು ಅಧಿಕಾರಿ ಹೇಳಿ ಹೋದಳು. ಆಸ್ಪತ್ರೆಯ ಕೆಲಸ ಬೇರೆಯವರ ಪಾಲಾಯಿತು. ಗಂಡ ರೇಗಲಿಲ್ಲ. ಮಡಿಸಿದ ಹೊದಿಕೆಗಳನ್ನು ವ್ಯಾನಿಗೆ ಏರಿಸುತ್ತಾ, "ಊರಿಗೆಲ್ಲ ಏನಾದ್ರೂ ಹೇಳು. ನಂಗೂ ‘ಹಾಕ್ದೆ ಹಾಕ್ದೆ’ ಅಂದ್ಯಲ್ಲ" ಎಂದ. ಆ ವಾರವೆಲ್ಲ ಅವನ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ.

ಮರು ಅರ್ಜಿಗೆ ಒಪ್ಪಿಗೆಪತ್ರ ಬೇಕಿತ್ತು. ಅವಳು ಚಿಕ್ಕ ಬಾಗಿಲಿಂದ ಹೋಗದೆ ರಸ್ತೆ ಸುತ್ತಿ ಮುಂಬಾಗಿಲಿಗೆ ಹೋದಳು. ಮಾಮ ಜಗಲಿಯಲ್ಲಿದ್ದರು. ತಪ್ಪಾಯ್ತು ಮಾಮ ಎಂದು ಶುರುಮಾಡಿದಳು. ಅವರು ಕೈ ಅಡ್ಡ ಹಿಡಿದರು.

"ಪೆನ್ನು ತಂದಿದ್ದೀರಾ? ಎಲ್ಲಿ ಸಹಿ ಹಾಕ್ಬೇಕು ತೋರಿಸಿ."

ಅಷ್ಟು ವರ್ಷ ನೀನು, ಬಾರಮ್ಮಾ, ಹೋಗಮ್ಮಾ ಎನ್ನುತ್ತಿದ್ದ ಬಾಯಲ್ಲಿ ಈ ಬಹುವಚನ. ಕಪಾಳಕ್ಕೆ ಬಾರಿಸಿದ್ದರೆ ಹಾಯಾಗಿರುತ್ತಿತ್ತು. ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಅವಳು ತೋರಿಸಿದ ಗೆರೆಯನ್ನು ಬೆರಳಿಂದ ತಡವಿ ಅವರು ಸಹಿ ಹಾಕಿದರು. ಸಹಿ ಗೆರೆಯ ಮೇಲೆ ಕೂರದೆ ಕೆಳಕ್ಕೆ ಜಾರಿತು. ಆ ಪೊರೆಯ ಕಣ್ಣಿಗೆ ಇನ್ನೊಂದು ತಿಂಗಳು ಕಾಯಬೇಕಾಗಿ ಬಂದದ್ದು ತನ್ನಿಂದ. ಅದನ್ನು ಅವತ್ತು ಹೇಳಿದಳು, ಎಲ್ಲವನ್ನೂ, ನಿಂತುಕೊಂಡೇ. ಗುರುವಾರವನ್ನು ಯಾಕೆ ಆರಿಸಿದೆ ಎಂಬುದನ್ನೂ. ಮಾಮ ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟರು.

"ಕೇಳಿದ್ರೆ ಕೊಡ್ತಿದ್ದೆ" ಎಂದರು.

"ಗೊತ್ತಿತ್ತು ಮಾಮ."

"ಅದೇ ನಂಗೆ ಅರ್ಥವಾಗ್ತಿಲ್ಲ" ಎಂದು ಎದ್ದು ಒಳಗೆ ಹೋದರು.

ಪರೀಕ್ಷೆಗೆಂದು ಕೊಳವೆಬಾವಿ ಕೊರೆದು ಪಂಪು ಓಡಿಸಿದಾಗ ಮಾಮನ ಬಾವಿಯ ನೀರು ಇಳಿಯುವುದು ಖಚಿತವಾಯಿತು. ಅನುಮತಿ ಸಿಕ್ಕಿತು, ಕೇಳಿದ ನೀರಿನ ಕಾಲು ಭಾಗಕ್ಕೆ. ಲಾಡ್ಜುಗಳ ಬಟ್ಟೆಗೆ ಅಷ್ಟು ಸಾಕು. ಜೊತೆಗೆ ಒಂದು ನಿಬಂಧನೆ. ವಾರಕ್ಕೊಮ್ಮೆ ಆ ಬಾವಿಯ ನೀರಿನ ಮಟ್ಟ ಅಳೆದು, ಫೋಟೋ ಸಮೇತ ಪೋರ್ಟಲ್ಲಿಗೆ ಏರಿಸಬೇಕು.

ಹಾಗಾಗಿ ಪ್ರತಿ ವಾರ ಅವಳು ಆ ಅಂಗಳಕ್ಕೆ ಹೋಗಲೇಬೇಕಾಯಿತು. ಅಳತೆಯ ಟೇಪು ಇಳಿಬಿಟ್ಟು, ಒದ್ದೆಯಾದ ಗುರುತು ನೋಡಿ, ಫೋಟೋ ತೆಗೆದು, ಸದ್ದಿಲ್ಲದೆ ಹಿಂದಿರುಗುತ್ತಿದ್ದಳು. ಅಂಗಳದಲ್ಲಿ ಯಾರೂ ಇಲ್ಲದಿದ್ದರೆ ಬದುಕಿದೆ ಅನ್ನಿಸುತ್ತಿತ್ತು. ಹಾಗನ್ನಿಸಿತಲ್ಲ ಎಂದು ಮತ್ತೆ ಮುಖ ಬಿಸಿಯಾಗುತ್ತಿತ್ತು.

ಒಂದು ದಿನ ಹೊಲಿಗೆ ಮೆಷಿನ್ನಿನ ಸದ್ದು ನಿಂತು, ಮಾಮನ ತಂಗಿ ಕಿಟಕಿಯಿಂದ ತಲೆ ಹೊರಹಾಕಿದಳು.

"ಏನೇ ಅದು, ಕಳ್ಳಿ ಹಂಗೆ ಬರೋದು ಹೋಗೋದು? ಬಾಗಿಲು ತಟ್ಟು. ಬಂದಿದ್ದೀನಿ ಅಂತ ಹೇಳಿ ಬಾ."

ಅಂದಿನಿಂದ ಅವಳು ಬಾಗಿಲು ತಟ್ಟುತ್ತಾಳೆ. ಒಳಗಿಂದ ಮಾಮ "ಯಾರು?" ಎನ್ನುತ್ತಾರೆ. ಕಣ್ಣಿನ ಆಪರೇಷನ್ ಆಗಿದೆ, ಕಿಟಕಿಯಿಂದ ಚೆನ್ನಾಗಿಯೇ ಕಾಣುತ್ತದೆ, ಆದರೂ ಕೇಳುತ್ತಾರೆ. "ನಾನು ಮಾಮ" ಎಂದು ಅವಳು ಹೇಳುತ್ತಾಳೆ. ಅಷ್ಟು ಹೇಳುವುದಕ್ಕೇ ಪ್ರತಿ ಸಲವೂ ಒಂದಿಷ್ಟು ಹೊತ್ತು ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ.