ಪತ್ತೇದಾರಿ ಅತ್ತೆಯ ಎರಡನೆಯ ಪುಸ್ತಕ

ಪತ್ತೇದಾರಿ ಕಾದಂಬರಿ ಬರೆದೇ ಹೊಟ್ಟೆ ಹೊರೆಯುವ ಹೆಂಗಸೊಬ್ಬಳು ಬೇರೆಯವರ ಪತ್ತೇದಾರಿ ಕಾದಂಬರಿಗಳನ್ನು ಕೊನೆಯ ಪುಟದಿಂದ ಓದಲು ತೊಡಗುತ್ತಾಳೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಪತ್ತೇದಾರಿ ಅತ್ತೆಯ ಕ್ರಮವೇ ಅದು. ಕಳ್ಳ ಯಾರೆಂದು ಮೊದಲು ತಿಳಿದುಕೊಂಡು, ನೆಮ್ಮದಿಯಾಗಿ ಕಾಲು ಚಾಚಿ, ಆಮೇಲೆ ಮೊದಲ ಪುಟಕ್ಕೆ ಬರುತ್ತಾಳೆ. "ಅನುಮಾನ ಇಟ್ಕೊಂಡು ಕೂತ್ರೆ ನನಗೆ ಅನ್ನ ಸೇರಲ್ಲ" ಎನ್ನುತ್ತಾಳೆ, ಊರಿನ ಅರ್ಧ ಮಕ್ಕಳ ನಿದ್ದೆ ಕೆಡಿಸಿದ ಮಹಾತಾಯಿ.

ಬೇಸಿಗೆಯಲ್ಲೂ ಮೈಮೇಲೊಂದು ಬೂದು ಬಣ್ಣದ ಉದ್ದನೆಯ ಕೋಟು. ಕೇಳಿದರೆ ಅದರ ಜೇಬು ತೋರಿಸಿ, ಕೈಗಳಿಗೆ ಮನೆ ಬೇಡವೇ ಎಂಬ ಉತ್ತರ. ಬೀದಿಯ ತಿರುವು ಸಮೀಪಿಸಿದಂತೆಲ್ಲ ಆಕೆಯ ನಡಿಗೆ ತಾನಾಗಿ ಮೆಲ್ಲಗಾಗುವುದರಿಂದ, ಮುಂದೆ ಹೋಗುತ್ತಿರುವ ನಿರಪರಾಧಿಗಳು ಎರಡೆರಡು ಸಲ ಹಿಂತಿರುಗಿ ನೋಡುತ್ತಾರೆ. ಗಂಡ ಮಕ್ಕಳೆಂಬ ರಗಳೆಯಿಲ್ಲ. ತಮ್ಮನ ಮಗಳು ಅತ್ತೆ ಎಂದು ಕರೆದದ್ದನ್ನೇ ಬೀದಿಯೆಲ್ಲ ಎತ್ತಿಕೊಂಡು, ಮುಂದೊಂದು ವಿಶೇಷಣ ಸೇರಿಸಿಬಿಟ್ಟಿತು.

ಬರವಣಿಗೆಯ ಪದ್ಧತಿಯೂ ವಿಚಿತ್ರವೇ. ಅಧ್ಯಾಯವೊಂದು ಮುಗಿದೊಡನೆ ಈ ಹುಡುಗಿಯನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ ಗಟ್ಟಿಯಾಗಿ ಓದುವುದು, ಓದುತ್ತ ಅವಳ ಪಾದಗಳನ್ನೇ ಗಮನಿಸುವುದು. ಪಾದ ತೂಗಾಡುತ್ತಿದ್ದರೆ ಅಧ್ಯಾಯ ಹರಿದು ಬುಟ್ಟಿಗೆ, ನಿಂತರೆ ಮುದ್ರಣಕ್ಕೆ. "ಮುಖ ಮರ್ಯಾದೆಗೆ ಅಂಜುತ್ತೆ, ಪಾದಕ್ಕೆ ಆ ಬುದ್ಧಿ ಇಲ್ಲ" ಎಂಬುದು ಆಕೆಯ ಸಿದ್ಧಾಂತ.

ಈ ಪದ್ಧತಿಯಿಂದಲೇ ಒಂದು ಪ್ರಮಾದವೂ ಆಯಿತು. ಪುಟ್ಟ ಪತ್ತೇದಾರಿಣಿಯೊಬ್ಬಳ ಕಥೆಯ ಮೊದಲ ಪುಸ್ತಕ ಬರೆಯುತ್ತಿದ್ದಾಗ ಹುಡುಗಿಯಿನ್ನೂ ಚಿಕ್ಕವಳು. ಅವಳ ಅಪ್ಪ, ಅಂದರೆ ಅತ್ತೆಯ ತಮ್ಮ, ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದ. ಆ ಪತ್ತೇದಾರಿಣಿಯ ತಂದೆಯೂ ಕಾಣೆಯಾದವನೇ. ಕೇಳುತ್ತ ಕೇಳುತ್ತ ಕಿಟಕಿಯ ಮೇಲಿನ ಪಾದಗಳು ಎಷ್ಟು ಸ್ತಬ್ಧವಾದುವೆಂದರೆ, ಅತ್ತೆಗೆ ತಡೆಯಲಾಗದೆ, ಕಳ್ಳಸಾಗಣೆಯವರು ಉಗ್ರಾಣದಲ್ಲಿ ಕೂಡಿಹಾಕಿದ್ದ ಆ ತಂದೆಯನ್ನು ಬಿಡಿಸಿ ಮನೆಗೆ ಕರೆತಂದಳು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಹುಡುಗಿ ಮಾತ್ರ ಅದನ್ನು ಅಕ್ಷರಶಃ ನಂಬಿದಳು: ತನ್ನಪ್ಪನೂ ಎಲ್ಲೋ ಸಿಕ್ಕಿಬಿದ್ದಿದ್ದಾನೆ, ಬಂದೇ ಬರುತ್ತಾನೆ.

ನಿಜವೇನೆಂದರೆ, ಅವನು ಬೇರೊಂದು ಊರಿನಲ್ಲಿ ಗಡಿಯಾರದ ಅಂಗಡಿ ಇಟ್ಟುಕೊಂಡು ಸುಖವಾಗಿದ್ದ. "ಅಕ್ಕಾ, ನಾನು ಚೆನ್ನಾಗೇ ಇದೀನಿ. ಹುಡುಕ್ಬೇಡಿ, ನಾನು ಬರಲ್ಲ" ಎಂದು ಫೋನಿನಲ್ಲಿ ಹೇಳಿಯೂ ಇದ್ದ. ಮಗು ಸಣ್ಣದೆಂದು ಅತ್ತೆಯೂ ಹುಡುಗಿಯ ತಾಯಿಯೂ ಆ ಮಾತನ್ನು ನುಂಗಿಕೊಂಡರು.

ಹುಡುಗಿ ಕಾಲೇಜು ಸೇರುವ ಹೊತ್ತಿಗೆ, ನರ್ಸಾಗಿದ್ದ ತಾಯಿಗೆ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಗಳು ಜಪ್ಪಯ್ಯ ಅಂದರೂ ಕದಲಲೊಲ್ಲಳು. "ಅಪ್ಪ ಬಂದು ಬಾಗಿಲು ತಟ್ಟಿದಾಗ ಬೇರೆ ಯಾರೋ ತೆಗೆದ್ರೆ?" ಎಂಬುದೊಂದೇ ಮಾತು. ತಾಯಿ ಕೆಲಸ ಬೇಡವೆನ್ನಲು ಸಿದ್ಧಳಾದಳು. ಆಗ ಅತ್ತೆ ಆ ಪುಸ್ತಕದ ಎರಡನೆಯ ಭಾಗ ಬರೆಯಲು ಕುಳಿತಳು.

ಇದರಲ್ಲಿ ಬಿಡಿಸಿ ತಂದ ತಂದೆ ಮತ್ತೆ ಕಾಣೆಯಾಗುತ್ತಾನೆ. ಮಗಳು ಜಾಡು ಹಿಡಿದು ಹೋಗಿ ನೋಡಿದರೆ ಉಗ್ರಾಣವಿಲ್ಲ, ಬೀಗವಿಲ್ಲ, ಖಳನಿಲ್ಲ; ತಾನಾಗಿಯೇ ಬಿಟ್ಟು ಹೋದವನು ಬೇರೊಂದು ಊರಿನಲ್ಲಿ ಹಾಯಾಗಿದ್ದಾನೆ. ಪ್ರಕಾಶಕರು ಬೆವರಿದರು. "ಮಕ್ಕಳ ಪುಸ್ತಕಕ್ಕೆ ಇಷ್ಟು ಕತ್ತಲೆ ಯಾಕಮ್ಮ? ಸಿಕ್ಕಿದವನು ಅಪ್ಪನ ಅವಳಿ ತಮ್ಮ ಅಂತ ಮಾಡಿ, ಮುಗೀತು."

"ಅವಳಿ ತಮ್ಮ ಅಂದ್ರೆ ನಮ್ಮ ಹುಡುಗಿ ಅದನ್ನೂ ನಂಬ್ತಾಳೆ. ನನ್ನ ಕಷ್ಟ ಅದೇ" ಎಂದಳು ಅತ್ತೆ.

ಒಂದು ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ ಆ ಅಧ್ಯಾಯ ಓದಿದಳು. ಅಂದು ಮಾತ್ರ ಪಾದಗಳತ್ತ ನೋಡುವ ಧೈರ್ಯ ಆಕೆಗೆ ಬರಲಿಲ್ಲ.

"ಇದು ಕಟ್ಟಿದ್ದಾ ಅತ್ತೆ, ಗೊತ್ತಿದ್ದದ್ದಾ?"

"ಗೊತ್ತಿದ್ದದ್ದು."

"ಯಾವಾಗಿಂದ?"

"ಮೊದಲನೇ ಪುಸ್ತಕಕ್ಕೂ ಮುಂಚೆಯಿಂದ."

ಹುಡುಗಿ ಊರಿನ ಹೆಸರು ಕೇಳಿ ತಿಳಿದುಕೊಂಡು ಎದ್ದು ಹೋದವಳು ಹಲವು ದಿನ ಇತ್ತ ಸುಳಿಯಲಿಲ್ಲ. ಅಷ್ಟು ದಿನವೂ ಅತ್ತೆ ಬರೆಯಲಿಲ್ಲ, ಓದಲಿಲ್ಲ, ಬಾಗಿಲ ಸದ್ದಿಗೆಲ್ಲ ಎದ್ದೆದ್ದು ಕೂತಳು. ಒಂದು ಸಂಜೆ ಹುಡುಗಿ ತಾನಾಗಿಯೇ ಬಂದು, ಮೇಜಿನ ಮೇಲಿನ ಹಸ್ತಪ್ರತಿಯಲ್ಲಿ ಒಂದು ಪುಟ ತೆಗೆದು ಬೆರಳಿಟ್ಟಳು.

"ಇಲ್ಲಿ, ವಾಪಸ್ ಬರುವಾಗ ಬಸ್ಸಲ್ಲಿ ಅವಳು ಅತ್ತಳು ಅಂತ ಬರ್ದಿದೀಯ. ತಪ್ಪು. ನಾವು ಅಪ್ಪನ ಅಂಗಡಿಗೆ ಹೋಗಿದ್ವಿ. ಅಮ್ಮ ಹೊರಗೆ ನಿಂತಿದ್ಳು. ಅಪ್ಪ ನನ್ನ ನೋಡಿ, ಯಾವ ಗಡಿಯಾರ ರಿಪೇರಿ ಅಂತ ಕೇಳಿದ್ರು. ಬರುವಾಗ ಅಳು ಬರಲ್ಲ ಅತ್ತೆ. ತುಂಬ ಹಸಿವಾಗುತ್ತೆ."

ಅತ್ತೆ ಆ ಸಾಲನ್ನು ಹೊಡೆದು ಹಾಕಿದಳು. ಬರೆಯಲು ಕೈ ಬಾರದೆ ಪೆನ್ನನ್ನು ಹುಡುಗಿಯ ಕೈಗೇ ಕೊಟ್ಟು, ಒಲೆ ಹಚ್ಚಲು ಒಳಗೆ ಹೋದಳು. ಮುಂದಿನ ತಿಂಗಳು ತಾಯಿ ಮಗಳು ಹೊಸ ಊರಿಗೆ ಹೊರಟರು.

ಎಳೆಯರಿಗಾಗಿ ಬರೆಯುವವರನ್ನು ಲೋಕ ಹಗುರವಾಗಿ ಕಾಣುತ್ತದೆ. ಬೆಣ್ಣೆಯಂಥ ಮನಸ್ಸಿನವರು, ಸುಲಭದ ಕಸುಬಿನವರು ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತದೆ. ದೊಡ್ಡವರಿಗಾಗಿ ಬರೆಯುವ ನಮಗೆ ಪ್ರಶಸ್ತಿಗಳುಂಟು, ಹಾರಗಳುಂಟು, ವಿಚಾರಗೋಷ್ಠಿಗಳುಂಟು. ಆದರೆ ನಾವು ಬರೆದದ್ದನ್ನು ನಂಬಿ ಯಾರೂ ಇಷ್ಟು ವರ್ಷ ಬಾಗಿಲು ಕಾಯುವುದಿಲ್ಲ.