ಹದಿನೇಳನೇ ನಂಬರಿನ ಉಸಿರು

ಮುದುಕನಿಗೆ ಮರೆವು, ಇಸವಿ ತಪ್ಪಿಸುತ್ತಾನೆ ಎಂದು ನಾನು ಕಳಿಸಿದ ಈ ಕತೆ ಕೇಳಲು ಫೋನು ಕಿವಿಗೆ ಹಿಡಿದು ಗೊಣಗುವವರು ಮೊದಲು ಸುಮ್ಮನಾಗಿ. ನಿಮ್ಮ ಮದುವೆಯ ತಾರೀಖೇ ನಿಮಗೆ ನೆನಪಿಲ್ಲ. ನನಗೆ ಈ ಕತೆ ನಡೆದ ದಿನ ನೆನಪಿದೆ. ಎರಡು ಸಾವಿರದ ಏಳು, ಫೆಬ್ರವರಿ, ಬುಧವಾರ. ಅದಿರಿನ ಲಾರಿಗಳು ಒಂದರ ಬಾಲ ಒಂದು ಕಚ್ಚಿಕೊಂಡು ನಿಂತಿದ್ದವು. ಬಿಳಿ ಎತ್ತುಗಳೆಲ್ಲ ಕೆಂಪಾಗಿದ್ದ ಕಾಲ.

ಡಾಕ್ಟರ್ ಸ್ವಾಮಿ ಜೀಪಿನ ಕಿಟಕಿ ಏರಿಸಿದ. ಧೂಳಿಗೆ ಹೆದರಿ ಅಲ್ಲ. ಊರು ಹತ್ತಿರ ಬರುತ್ತಿತ್ತು.

ಊರು ಗಾದಿಗನೂರು. ಅವನು ಹುಟ್ಟಿದ್ದೇ ಅಲ್ಲಿ. ಪಕ್ಕದಲ್ಲಿ ಕುಳಿತ ಸುನಿತಾ ಮೇಡಂಗೆ ಅದು ಗೊತ್ತಿರಲಿಲ್ಲ. ಹೊನ್ನೂರುಸ್ವಾಮಿ ಎಂಬ ಹೆಸರಿನಿಂದ ಹೊನ್ನೂರನ್ನು ಅವನು ಮೆಡಿಕಲ್ ಕಾಲೇಜಿನ ಎರಡನೇ ವರ್ಷದಲ್ಲೇ ಇಳಿಸಿಬಿಟ್ಟಿದ್ದ, ಟಿಕೆಟಿಲ್ಲದವನನ್ನು ಬಸ್ಸಿನಿಂದ ಇಳಿಸಿದ ಹಾಗೆ.

ಯಾವ ಕೇರಿಗಳಿಂದ ಡಾಕ್ಟರೇ ಬರುತ್ತಿರಲಿಲ್ಲವೋ ಅಂಥ ಕಡೆಯ ಹೊಸ ಡಾಕ್ಟರುಗಳಿಗೆ ಸಂಶೋಧನೆ ಕಲಿಸುವ ಯೋಜನೆಯೊಂದು ಆಗ ಶುರುವಾಗಿತ್ತು. ಮೇಡಂ ಅದರಲ್ಲಿ ಇವನ ಗುರು. ಬೆಂಗಳೂರಿನವರು, ಒಳ್ಳೆಯವರು. ಇವನ ಇಂಗ್ಲಿಷನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು, ನಗುತ್ತಿರಲಿಲ್ಲ. ನಗದೇ ಇರುವುದೇ ಅವನಿಗೆ ಚುಚ್ಚುತ್ತಿತ್ತು.

ನಕ್ಷೆಯಲ್ಲಿ ಗಾದಿಗನೂರಿನ ಮೇಲೆ ಬೆರಳಿಟ್ಟವರೂ ಅವರೇ. "ಇಲ್ಲಿ ನಿಮಗೆ ಯಾರಾದರೂ ಗೊತ್ತಾ?" ಎಂದು ಕೇಳಿದ್ದರು.

"ಇಲ್ಲ ಮೇಡಂ" ಎಂದಿದ್ದ.

ಕೆಲಸ ಸರಳ. ಊರಿನ ಮಗ್ಗುಲಲ್ಲೇ ಅದಿರು ರಾಶಿ ಹಾಕುವ ಯಾರ್ಡು. ಅಲ್ಲಿ ಬುಟ್ಟಿ ಹೊರುವ ನಲವತ್ತು ಮಂದಿ ಒಂದು ರಟ್ಟಿನ ಕೊಳವೆಯಲ್ಲಿ ಜೋರಾಗಿ ಊದಬೇಕು. ಎದೆಯಲ್ಲಿ ಎಷ್ಟು ಉಸಿರಿದೆ ಎಂದು ಯಂತ್ರ ಲೀಟರಿನಲ್ಲಿ ಹೇಳುತ್ತದೆ. ಉಸಿರು ಕಡಿಮೆ ಬಂದರೆ ಯಾರ್ಡು ಊರಿನಿಂದ ದೂರ ಹೋಗುತ್ತದೆ. ಸರಿಯಾಗಿದ್ದರೆ ಅಲ್ಲೇ ಇರುತ್ತದೆ. ಜಿಲ್ಲಾ ಕಚೇರಿಯವರು ಈ ವರದಿಗೇ ಕಾಯುತ್ತಿದ್ದರು.

ಊದಿಸಿದವಳು ಕಂಪ್ಲಿಯ ನರ್ಸು ರೇಣುಕಮ್ಮ. ಸ್ವಾಮಿ ಮೂರು ವಾರ ಹೊಸಪೇಟೆ ಬಿಟ್ಟು ಕದಲಲಿಲ್ಲ. ಅಳೆಯುವವರಿಗೆ ಜನರ ಗುರುತಿರಬಾರದು, ಅದೇ ಶಾಸ್ತ್ರ ಎಂದು ಮೇಡಂಗೆ ಬರೆದ. ಮೇಡಂ ಆ ಸಾಲಿನ ಪಕ್ಕ 'ಭೇಷ್' ಎಂದು ಬರೆದರು.

"ನಿಮ್ಮ ಅಂಕಿಗಳು ನನ್ನ ನಿದ್ದೆ ಕೆಡಿಸಿವೆ ಸ್ವಾಮಿ," ಜೀಪಿನಲ್ಲಿ ಮೇಡಂ ಹೇಳಿದರು. "ಇಪ್ಪತ್ತು ವರ್ಷ ಧೂಳು ಕುಡಿದವರು ನಾಲ್ಕು ಲೀಟರ್ ಊದಿದ್ದಾರೆ. ಧೂಳಿನಿಂದ ಏನೂ ಆಗಿಲ್ಲ ಅಂತಲೇ ಬರೀಬೇಕಾಗತ್ತೆ."

"ಹೌದು ಮೇಡಂ."

"ದೆಹಲಿಯ ಸಮ್ಮೇಳನದಲ್ಲಿ ಈ ವರದಿ ನೀವೇ ಓದಬೇಕು. ನಿಮ್ಮಂಥವರು ಅಲ್ಲಿ ನಿಂತು ಮಾತಾಡಬೇಕು."

ನಿಮ್ಮಂಥವರು. ಆ ಮಾತನ್ನು ಸ್ವಾಮಿ ನಾಲಿಗೆಯ ಮೇಲಿಟ್ಟು ನೋಡಿದ. ಉಪ್ಪೂ ಇಲ್ಲ, ಸಿಹಿಯೂ ಇಲ್ಲ.

ಪಟ್ಟಿಯಲ್ಲಿ ಹದಿನೇಳನೇ ನಂಬರು ತಾಯಪ್ಪ, ವಯಸ್ಸು ಐವತ್ತೆಂಟು, ನಾಲ್ಕು ಪಾಯಿಂಟ್ ಎರಡು ಲೀಟರ್. ತಾಯಪ್ಪ ಸ್ವಾಮಿಯ ಅಪ್ಪ. ದೀಪಾವಳಿಯಲ್ಲಿ ಮನೆಯಿಂದ ನಲ್ಲಿಯ ತನಕ ಹೋಗುವುದರೊಳಗೆ ಮೂರು ಸಲ ಕುಂತಿದ್ದ. ಆ ಅಂಕಿ ಕಂಡಾಗ ಸ್ವಾಮಿ ಹಾಳೆ ತಿರುವಿದ್ದ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದುಕೊಂಡ. ಯಂತ್ರ ಸುಳ್ಳು ಹೇಳಿರಲೂ ಇಲ್ಲ.

ಚಹಾದಂಗಡಿಯ ಮುಂದೆ ಕುರ್ಚಿ ಹಾಕಿದ್ದರು. ಗುರುತು ತೋರಿಸಬೇಡಿ ಎಂದು ಸ್ವಾಮಿ ಮೊದಲ ಸಲ ಊದಿಸುವುದಕ್ಕೂ ಮುಂಚೆಯೇ ಅಪ್ಪನಿಗೆ ಫೋನು ಮಾಡಿದ್ದ. ಊರು ಚೆನ್ನಾಗಿ ಪಾಲಿಸಿತು. ಚಿಕ್ಕಂದಿನಲ್ಲಿ ಇವನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದ ಓಬಳಪ್ಪ, "ಕುಂದ್ರಿ ಸಾಹೇಬ್ರ" ಎಂದ. ಸ್ವಾಮಿ ಕುಳಿತ. ಬೆಂಚಿನ ತುದಿಯಲ್ಲಿ ಅಪ್ಪ ಟವೆಲು ಬಾಯಿಗೊತ್ತಿಕೊಂಡು ಕುಳಿತಿದ್ದ. ಹೊಸ ಪರಿಚಯವಾಗಬೇಕಾದವನಂತೆ ನೋಡಿದ.

"ನಾಲ್ಕೈದು ಜನರನ್ನ ಇನ್ನೊಮ್ಮೆ ಊದಿಸೋಣ," ಎಂದರು ಮೇಡಂ. "ಹದಿನೇಳು. ತಾಯಪ್ಪ."

"ಹಾಜರ್," ಎಂದು ಎದ್ದವನು ಮೂಕಣ್ಣ. ಗರಡಿಯ ಪೈಲ್ವಾನ, ನಲವತ್ತೂ ದಾಟಿಲ್ಲ.

ಯಾರ್ಡಿನಲ್ಲಿ ಅದು ಮೊದಲಿನಿಂದ ಇದ್ದ ರೂಢಿ. ಒಬ್ಬ ಮೇಲೇಳಲಾಗದೆ ಮಲಗಿದರೆ ಹಾಜರಿ ಕೂಗುವಾಗ ಇನ್ನೊಬ್ಬ ಅವನ ಹೆಸರಿಗೆ ನಿಲ್ಲುತ್ತಾನೆ, ಅವನ ಬುಟ್ಟಿಯನ್ನೂ ತಾನೇ ಹೊರುತ್ತಾನೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ರೇಣುಕಮ್ಮ ಕೊಳವೆಯ ಮೇಲೆ ಹದಿನೇಳು ಎಂದು ಬರೆದು ಕೊಟ್ಟಳು. ಮೂಕಣ್ಣ ಊದಿದ. ನಾಲ್ಕು ಪಾಯಿಂಟ್ ಮೂರು.

ಮೇಡಂ ಅವನ ಕಪ್ಪು ಮೀಸೆ ನೋಡಿದರು. "ಐವತ್ತೆಂಟಾ?"

"ನಮ್ಮೂರ ಗಾಳಿ ಹಂಗ್ರಿ ಅಮ್ಮಾರ," ಓಬಳಪ್ಪ ನಡುವೆ ಬಾಯಿ ಹಾಕಿದ. "ಇಲ್ಲಿ ಕೂದ್ಲ ಬೆಳ್ಳಗ ಆಗಂಗಿಲ್ಲ, ಕೆಂಪಗ ಆಗ್ತಾವ." ಎಲ್ಲರೂ ನಕ್ಕರು.

"ಹೋದ್ಸಲ ಊದಿದ್ದೂ ಇವ್ರ ರೀ," ಎಂದಳು ರೇಣುಕಮ್ಮ. ಅವಳ ಮಾತು ನಿಜ. ಧೂಳು ಮೆತ್ತಿದ ಮುಖಗಳ ವಯಸ್ಸು ಅವಳಿಗೆ ಹೇಗೆ ತಿಳಿಯಬೇಕು?

ಮೇಡಂ ನಗಲಿಲ್ಲ. "ಸ್ವಾಮಿ, ಇವರೇ ತಾಯಪ್ಪನವರಾ?"

ಸ್ವಾಮಿ ಬೆಂಚಿನ ತುದಿ ನೋಡಿದ. ಟವೆಲಿನ ಮೇಲೆ ಎರಡು ಕಣ್ಣು. ಅಪ್ಪ ಸಣ್ಣಗೆ ತಲೆಯಾಡಿಸಿದ, ಹೇಳು ಎಂಬಂತೆ.

"ಹೌದು ಮೇಡಂ."

ಆಗಲೇ ಅಪ್ಪನಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಮೇಡಂ ಎದ್ದು ಹತ್ತಿರ ಹೋದರು. "ಈ ಹಿರಿಯರು ಯಾರು? ಪಟ್ಟಿಯಲ್ಲಿ ಇದ್ದಾರಾ?"

ಮೂಕಣ್ಣ ಕೈಯ ಕೊಳವೆ ನೆಲಕ್ಕೆ ಬಿಸಾಕಿದ. ಅಪ್ಪನೇ ಉಸಿರು ಕೂಡಿಸಿಕೊಂಡ. "ನಾ ಯಾರೂ ಅಲ್ಲ ಬಿಡ್ರಿ ಅಮ್ಮಾರ. ಚಾ ಕುಡ್ಯಾಕ ಬಂದಿದ್ದೆ."

ಸ್ವಾಮಿ ಗ್ಲಾಸಿನ ತಳದ ಚಹಾ ನೋಡುತ್ತ ಕುಳಿತ.

ಜೀಪಿನ ತನಕ ಯಂತ್ರದ ಪೆಟ್ಟಿಗೆ ಹೊತ್ತು ಬಂದ ಓಬಳಪ್ಪ ದನಿ ತಗ್ಗಿಸಿದ. "ಪಾಸಾತಿಲ್ಲೋ ತಮ್ಮಾ?"

"ಏನು ಪಾಸು?"

"ಕೆಮ್ಮೋರ ಹೆಸರಿಗೆಲ್ಲ ಗರಡಿ ಮಂದಿ ನಿಂತಾರ. ಹಾಲು ಬದಾಮಿ ಕುಡ್ಸಿ ಊದ್ಸೀವಿ. ನಿಮ್ಮಪ್ಪ ಮನಿಮನಿ ತಿರುಗ್ಯಾನ. ನಮ್ಮ ಹುಡುಗನ ಪರೀಕ್ಷಿ, ನಂಬರ್ ಕಡಿಮಿ ಬಂದ್ರ ಮೇಡಮ್ಮಾರು ಫೇಲ್ ಮಾಡ್ತಾರ ಅಂತ."

"ಅವಗ ಯಾರು ಹೇಳಿದ್ರು?"

"ನೀನ ಅಲ್ಲೇನೋ ಫೋನಿನಾಗ ಅಂದಿದ್ದು? ಇದು ನನ್ನ ಪರೀಕ್ಷಿ ಇದ್ದಂಗ, ಗುರುತು ಹಿಡೀಬ್ಯಾಡ್ರಿ ಅಂತ."

ಎಷ್ಟೋ ತಿಂಗಳ ಮೇಲೆ ಸ್ವಾಮಿಯ ಬಾಯಲ್ಲಿ ಊರಿನ ಮಾತು ಬಂದಿತ್ತು. ಮೇಡಂಗೆ ಕೇಳಿಸಿತೇನೋ ಎಂದು ಅವನು ತಿರುಗಿ ನೋಡಿದ. ಅದೇ ಅವನಿಗೆ ಮೊದಲು ಹೊಳೆದದ್ದು. ನಾಚಿಕೆ ಆಮೇಲೆ ಬಂತು, ಬಂದು ಕಾಲ ಹತ್ತಿರ ನಾಯಿಯ ಹಾಗೆ ಮಲಗಿತು.

ಮೇಡಂ ವರದಿಯನ್ನು ಅವನ ತೊಡೆಯ ಮೇಲಿಟ್ಟರು. "ಸಾಯಂಕಾಲದೊಳಗೆ ಸಹಿ ಮಾಡಿಕೊಡಿ, ಕಳಿಸಿಬಿಡೋಣ."

ಪೆನ್ನೂ ಅವರದೇ. ಅವನು ಮುಚ್ಚಳ ತೆಗೆದ. ಮತ್ತೆ ಮುಚ್ಚಿದ.

ಜೀಪು ಹೊರಟಿತು. ಹಿಂದಿನ ಗಾಜಿನಲ್ಲಿ ಅಪ್ಪ ಕಂಡ. ಮೂಕಣ್ಣ ಊದಿ ಬಿಸಾಕಿದ ಕೊಳವೆಯನ್ನು ನೆಲದಿಂದ ಆಯ್ದುಕೊಂಡು, ಟವೆಲಿನಿಂದ ಒರೆಸಿ, ರಸ್ತೆಯ ನಡುವೆ ನಿಂತಿದ್ದ. ಅದನ್ನು ಬಾಯಿಗಿಟ್ಟ. ಎದೆ ಎತ್ತಿ, ಕೆನ್ನೆ ಉಬ್ಬಿಸಿ, ಹೋಗುತ್ತಿರುವ ಜೀಪಿನ ಕಡೆಗೆ ಊದಿದ. ಕೊಳವೆಯ ಆ ತುದಿಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಲಾರಿಯೊಂದು ಎಬ್ಬಿಸಿದ ಕೆಂಪು ಧೂಳು ಅವನ ಮುಂದೆ ಗೋಡೆಯಂತೆ ನಿಂತಿತ್ತು. ಅವನು ಊದುತ್ತಲೇ ಇದ್ದ. ಧೂಳು ಒಂದಿಷ್ಟೂ ಅಲುಗಲಿಲ್ಲ.

ಕೇಳಿದಿರಲ್ಲ, ಇದನ್ನು ಮುಂದಿನವರಿಗೆ ದಾಟಿಸಿ. ಸಹಿ ಹಾಕಿದನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಿಮಗೆ ತಿಳಿದದ್ದು ಹೇಳಿಕೊಳ್ಳಿ. ಬೇಕಾದರೆ ಇಸವಿಯನ್ನೂ ತಪ್ಪಾಗಿ ಹೇಳಿ. ತಾಯಪ್ಪ ಎನ್ನುವ ಹೆಸರನ್ನು ಮಾತ್ರ ಬೆಂಚಿನ ತುದಿಯಲ್ಲಿ ಕುಳಿತವನಿಗೇ ಕೊಡಿ.