ಗುಲಾಬಿ ಬಂತಾ?

ಬೆರಳಿಗೆ ಅಂಟಿದ್ದು ಮೂಗಿಗೆ ಸಿಹಿಯಾಗಿ ಬಡಿಯುತ್ತಿದೆ, ಮಕ್ಕಳ ಕೆಮ್ಮಿನ ಸಿರಪ್ಪಿನ ಹಾಗೆ, ಬಣ್ಣವೂ ಹಾಗೇ, ಇದಕ್ಕೆ ಗುಲಾಬಿ ಬಣ್ಣ ಯಾಕೆ ಹಾಕುತ್ತಾರೋ — ಹೊರಗೆ ಬಿದ್ದಾಗ ಕಾಣ್ಲಿ ಅಂತ ಕಣೇ ಏವಿಸ್, ಎನ್ನುತ್ತಿದ್ದ ನನ್ನ ಗಂಡ ಓರಿನ್, ಪ್ರತಿ ನವೆಂಬರ್, ಇದೇ ದೋಣಿಯ ಹೊಟ್ಟೆಯಲ್ಲಿ ಬೋರಲು ಮಲಗಿ, ಇಪ್ಪತ್ತೆರಡು ವರ್ಷ, ಅವನು ಒಳಗೆ ಸುರಿಯುವವನು, ನಾನು ಹೊರಗೆ ದಕ್ಕೆಯ ಹಲಗೆಗಳ ಮೇಲೆ ನಿಂತು ಕೂಗುವವಳು, ಇಬ್ಬರ ಕೆಲಸ ಇದು. ಈಗ ಸುರಿಯುವವಳು ನಾನು. ದೋಣಿಯನ್ನು ದಡಕ್ಕೆ ಎತ್ತಿಸಿಬಿಡು ಅಂದಳು ಅಕ್ಕ ಲೋರ್ನಾ, ಓರಿನ್ ಎಂದೂ ಎತ್ತಿಸಲಿಲ್ಲ, ನೀರಿಂದ ತೆಗೆದ್ರೆ ಅದು ದೋಣಿ ಅಲ್ಲ, ಪೆಟ್ಟಿಗೆ, ಎನ್ನುತ್ತಿದ್ದ, ಹಾಗಾಗಿ ಚಳಿಗಾಲವೂ ನೀರಲ್ಲೇ, ಹೊಳೆನೀರೆಳೆದು ನಡೆಯುವ ಏಸಿಯೊಳಗೆ ಉಳಿದ ನೀರು ಹೆಪ್ಪುಗಟ್ಟಿ ಅದರ ಸುರುಳಿ ಕೊಳವೆ ಒಡೆಯದ ಹಾಗೆ, ಹೆಪ್ಪುಗಟ್ಟದ ಈ ದ್ರವವನ್ನು ಹೊರಗೆ ಗುಲಾಬಿ ಬೀಳುವವರೆಗೂ ಓಡಿಸಬೇಕು, ತಳದ ವಾಲ್ವು ಮುಚ್ಚು — ಮುಚ್ಚಿದೆನಾ? ಹಿಡಿ ಅಡ್ಡಕ್ಕೆ ತಿರುಗಿದೆ, ಮತ್ತೊಮ್ಮೆ ಮುಟ್ಟುತ್ತೇನೆ, ಅಡ್ಡಕ್ಕೇ ಇದೆ — ಪೈಪು ಬಿಚ್ಚಿ ದ್ರವದ ಬಕೆಟ್ಟಿಗೆ ಇಳಿಬಿಡು, ಬಕೆಟ್ಟು ಪಂಪಿಗಿಂತ ಮೇಲಿರಲಿ, ಏಸಿ ಹಾಕು. ಈ ಚಳೀಲಿ ಏಸಿ ಹಾಕೋರು ನಾವಿಬ್ರೇ ಕಣೇ, ಎಂದು ನಗುತ್ತಿದ್ದ, ನಗುವಾಗ ಕೆಮ್ಮುತ್ತಿದ್ದ.

ಏನಮ್ಮಾ ಏವಿಸ್, ಒಬ್ಳೇ ಸುರ್ಕೊಂಡು ಒಬ್ಳೇ ನೋಡ್ತೀಯಾ, ನಿಂದೇನು ಜಿರಾಫೆ ಕತ್ತಾ, ನಾನ್ ನಿಂತ್ಕೋತೀನಿ ಬಿಡು — ಪಕ್ಕದ ದೋಣಿಯ ಪರ್ನೆಲ್, ಏಡಿ ಹಿಡಿಯುವ ಮುದುಕ, ಬೂಟುಗಳ ಸದ್ದು ತಲೆಯ ಮೇಲೆ ಬಂದು ನಿಂತಿತು, ನಾನು ನಿಲ್ಲುತ್ತಿದ್ದ ಜಾಗದಲ್ಲೇ. ಪಂಪು ಗುರ್ ಎನ್ನುತ್ತಿದೆ, ಬಕೆಟ್ಟಿನಲ್ಲಿ ಗುಲಾಬಿ ಇಳಿಯುತ್ತಿದೆ. ಹೊಸ ಸುರುಳಿ ಥಳಥಳ ಹೊಳೆಯುತ್ತದೆ, ಮೊದಲ ಕ್ಲಿಪ್ಪು ಓರಿನ್ ಬಿಗಿದದ್ದು, ಎರಡನೆಯದು ಅರ್ಧಕ್ಕೇ ನಿಂತಿತ್ತು, ಇವತ್ತು ಬೆಳಿಗ್ಗೆ ನಾನು ಬಿಗಿದೆ, ಸ್ಕ್ರೂಡ್ರೈವರ್ ಏಪ್ರಿಲ್‌ನಿಂದ ಅಲ್ಲೇ ಬಿದ್ದಿತ್ತು, ಅವನು ಬಿದ್ದ ಜಾಗದಲ್ಲಿ.

ಬಂತಾ? ಎಂದು ಕೇಳುತ್ತೇನೆ. ಇಲ್ಲಮ್ಮ, ಬರೀ ನೀರು. ಬರೀ ನೀರು, ಹೋದ ವರ್ಷವೂ ಬರೀ ನೀರೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಟರ್ಕಿ ಕೋಳಿಯೊಳಗೆ ತುಂಬೋ ಹೂರಣಕ್ಕೆ ಸಿಂಪಿ ತರೋದು ನಿನ್ ಪಾಲು ಅಂದಿದ್ದಳು ಲೋರ್ನಾ, ಸಿಂಪಿ ಅಂಗಡಿ ಹನ್ನೆರಡಕ್ಕೆ ಮುಚ್ಚುತ್ತದೆ, ಗಾಳಿ ಕಿವಿ ಕತ್ತರಿಸುತ್ತಿತ್ತು, ಒಳಗಿಂದ ಓರಿನ್, ಬಂತಾ? ಇಲ್ಲ. ಬಂತಾ? ಇಲ್ಲ. ಬಂತೇನೇ? — ದೋಣಿಯ ಮಗ್ಗುಲಿಂದ ಬೀಳುವ ನೀರು ತಿಳಿಯಾಗಿತ್ತು, ಅದರ ಹಿಂದೆ ದೋಣಿಯ ಬಿಳಿ ಬಣ್ಣದ ಮೇಲಿದ್ದ ಗೀರು ಕಾಣುವಷ್ಟು ತಿಳಿ — ಬಂತು, ಗುಲಾಬಿ ಬಂತು, ಆರ್ಸು ಅಂದೆ. ಈ ಸಲ ಬೇಗ ಬಂತಲ್ಲೇ, ಎರಡನೇ ಕ್ಯಾನು ಇನ್ನೂ ತುಂಬಿದೆ, ಅಂದ. ಅಂದು ಆರಿಸಿದ. ಏಪ್ರಿಲ್‌ನಲ್ಲಿ ಸುರುಳಿ ಉದ್ದಕ್ಕೂ ಸೀಳಿಹೋಗಿತ್ತು, ನಾನೇ ಸರಿಯಾಗಿ ಓಡಿಸ್ಲಿಲ್ಲ ಕಣೇ, ವಯಸ್ಸಾಯ್ತು ನಂಗೆ, ಅಂದ, ನಾನು ಕಾಫಿ ಬಗ್ಗಿಸಿ ಕೊಟ್ಟೆ, ಸಂಜೆ ಹೇಳಿದರಾಯಿತು ಅಂದುಕೊಂಡೆ, ಅವನು ಕಾಫಿ ಕುಡಿದು ಹೊಸ ಸುರುಳಿ ಬಿಗಿಯಲು ಮತ್ತೆ ಬೋರಲು ಮಲಗಿದ, ಅವನ ಎದೆಬಡಿತ ಸಂಜೆಯವರೆಗೆ ಕಾಯಲಿಲ್ಲ.

ಬಂತು! ಗುಲಾಬಿ ಬಂತು, ಆರ್ಸಮ್ಮಾ! ಪರ್ನೆಲ್ ಕೂಗುತ್ತಾನೆ, ನನ್ನ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತದೆ, ಮೂರನೇ ಕ್ಯಾನಿನ ಮುಚ್ಚಳ ತಿರುಗಿಸುತ್ತೇನೆ, ಸುರಿಯುತ್ತೇನೆ. ಏವಿಸ್, ಕೇಳಿಸ್ತಾ, ಹೊಳೆಗೇ ಬಣ್ಣ ಬಳೀತೀಯೇನು? ನಿಜವಾಗ್ಲೂ ಬಂತಾ ಪರ್ನೆಲ್? ಅಯ್ಯೋ, ಇಂಥದ್ರಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರಾ — ನಗುತ್ತಾನೆ, ನಾನು ಸುರಿಯುತ್ತೇನೆ, ಒಳಗಿಂದ ನೋಡಿದರೆ ಏನೂ ಕಾಣುವುದಿಲ್ಲ, ಇಲ್ಲಿ ಮಲಗಿದವನಿಗೆ ಹೊರಗಿನ ದನಿಯೊಂದೇ ಗತಿ, ಬಂತಾ ಎಂದು ಕೇಳಬೇಕು, ಬಂತು ಅಂದರೆ ನಂಬಬೇಕು, ಬಂತೇನೇ, ಬಂತೇನೇ, ಮಗ್ಗುಲಿಂದ ಬೀಳುವ ನೀರು ತಿಳಿಯಾಗಿತ್ತು, ಅದರ ಹಿಂದಿನ ಗೀರು ಕಾಣುವಷ್ಟು ತಿಳಿಯಾಗಿತ್ತು.